ಗೋಡೆ ಮೇಲೆ ಹನ್ನೊಂದು ಮಾತು, ಹತ್ತು ಗಂಟೆಗೆ ಒಂದೂ ನೆನಪಿಲ್ಲ

ಪ್ರಶ್ನೆ: ನಮಸ್ತೆ ಅಕ್ಕಾ. ನಂಗೆ 26 ವರ್ಷ, ಊರು ಕುಮಟಾ ಹತ್ರ, ಈಗ ಕಾರವಾರದಲ್ಲಿ ಕೋಡಿಬಾಗದ ಕಡೆ ಒಂದು ರೂಮ್ ಮಾಡ್ಕೊಂಡು ಇದ್ದೇನೆ. ಹಗಲು ಒಂದು ಆಫೀಸಲ್ಲಿ ಡಾಟಾ ಎಂಟ್ರಿ, ಸಂಜೆ ಮೇಲೆ ಎಫ್‌ಡಿಎ, ಪಿಡಿಒ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದೋದು. ಯಶಸ್ಸು, ಶಿಸ್ತು, ಕ್ಯಾರೆಕ್ಟರ್ ಬಗ್ಗೆ ದೊಡ್ಡವರು ಹೇಳಿದ ಮಾತು ಅಂದ್ರೆ ನಂಗೆ ಜೀವ. ಗೋಡೆ ಮೇಲೆ ಹನ್ನೊಂದು ಅಂಟಿಸಿದ್ದೇನೆ, ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಓದ್ತೇನೆ, ಒಂದನ್ನ ಸ್ಟೇಟಸ್ ಹಾಕ್ತೇನೆ. ಆವಾಗ ಮೈಯೆಲ್ಲ ಜುಮ್ ಅನ್ನತ್ತೆ, ಹತ್ತು ಗಂಟೆ ಹೊತ್ತಿಗೆ ಎಲ್ಲ ಆರಿ ಹೋಗತ್ತೆ, ರಾತ್ರಿ ಪುಸ್ತಕ ಬಿಡಿಸೋಕೂ ಮನಸ್ಸಿರೋದಿಲ್ಲ. ಎರಡು ವರ್ಷ ಆಯ್ತು. 'ನಿನ್ನ ಸಾಧನೆ ಎಲ್ಲ ಸ್ಟೇಟಸ್ಸಲ್ಲೇ' ಅಂತಾರೆ ಅಪ್ಪ. ಎಲ್ಲ ಕಿತ್ತು ಬಿಸಾಡಲಾ? ಅಥವಾ ದಿನಾ ಮೋಟಿವೇಶನ್ ಉಳಿಯೋ ಹಾಗೆ ಓದೋ ಕ್ರಮ ಏನಾದ್ರೂ ಇದೆಯಾ? ಇನ್ನೊಂದು, ಆಯಿ ದಿನಾ ಏಳು ಗಂಟೆಗೆ ಹೂವಿನ ಚಿತ್ರದ ಗುಡ್ ಮಾರ್ನಿಂಗ್ ಸುಭಾಷಿತ ಕಳಿಸ್ತಾಳೆ, ಅದು ಬೇಡ ಅನ್ನಲಾ?

ಉತ್ತರ: ತಮ್ಮಾ, ಕಿತ್ತು ಬಿಸಾಡೋ ಕೆಲಸ ನೀನೇ ಮಾಡ್ಬೇಕಂತ ಇಲ್ಲ, ಜೂನ್ ಬರ್ಲಿ, ಕಾರವಾರದ ಹಸಿ ಗಾಳಿಗೆ ಗೋಡೆ ಬೂಷ್ಟು ಹಿಡಿದು ಹನ್ನೊಂದೂ ತಾವಾಗೇ ಉದುರ್ತವೆ. ನೀನು ಕಳಿಸಿದ ಗೋಡೆ ಫೋಟೋ ಝೂಮ್ ಮಾಡಿ ಒಂದೊಂದೇ ಓದಿದೆ. ಎರಡು ಸಿಂಹದ್ದು, ಒಂದು ಹದ್ದಿಂದು, ನಾಲ್ಕು ಸಕ್ಸಸ್ ಮೇಲೆ, ಒಂದು ಅರಿಸ್ಟಾಟಲ್ ಹೆಸರಲ್ಲಿ, ಒಂದು 'ಏಳಿ, ಎದ್ದೇಳಿ', ಉಳಿದ ಎರಡು ಫ್ಯಾನ್ ಗಾಳಿಗೆ ಮಡಚಿಕೊಂಡು ಕಾಣ್ಲೇ ಇಲ್ಲ. ಆ ಮಡಚಿಕೊಂಡ ಎರಡರಲ್ಲಿ ಏನು ಬರ್ದಿದೆ ಅಂತ ಈಗ, ಗೋಡೆ ಕಡೆ ತಿರುಗದೇ, ಹೇಳ್ತೀಯಾ? ಹೇಳೋಕೆ ಆಗಲ್ಲ ಅಂತ ನಂಗೆ ಬಹಳ ಮಟ್ಟಿಗೆ ಗ್ಯಾರಂಟಿ. ತಪ್ಪು ನಿಂದಲ್ಲ, ದಿನಾ ಒಂದೇ ಜಾಗದಲ್ಲಿ ಇದ್ದದ್ದನ್ನ ಕಣ್ಣು ನೋಡೋದು ಬಿಟ್ಟು ಬಿಡತ್ತೆ. ಬಸ್ಸಲ್ಲಿ ಕೈ ತಲೆ ಹೊರಗೆ ಹಾಕಬೇಡಿ ಅಂತ ಬರ್ದಿರ್ತಾರಲ್ಲ, ಅದರ ಕೆಳಗೇ ಕೂತು ಅರ್ಧ ಮೈ ಕಿಟಕಿಯಿಂದ ಹೊರಗೆ ಹಾಕಿ ಕಡಲೆ ಮಾರೋನನ್ನ ಕರೀತೇವೆ.

ಆದ್ರೆ ನೀನು ಕುಮಟಾದಿಂದ ಶಿರಸಿ ಬಸ್ಸಿಗೆ ದೇವಿಮನೆ ಘಟ್ಟ ಹತ್ತಿದವನೇ ತಾನೆ, ಅಲ್ಲಿ 'ಹಾರ್ನ್ ಮಾಡಿ' ಬೋರ್ಡ್ ಎಲ್ಲಿರತ್ತೆ? ತಿರುವಿನ ಬುಡದಲ್ಲಿ. ಅದೇ ಬೋರ್ಡನ್ನ ಕುಮಟಾ ಬಸ್‌ಸ್ಟ್ಯಾಂಡಲ್ಲಿ ನೆಟ್ರೆ ಯಾರಿಗೆ ಉಪಯೋಗ? ನೀನು ಮಾಡಿರೋದು ಅದೇ. ಬೆಳಿಗ್ಗೆ ಐದು ಗಂಟೆಗೆ ನೀನು ಎದ್ದು ಕೂತಾಗಿದೆ, ಸ್ನಾನ ಆಗಿದೆ, ತಲೆ ಫ್ರೆಶ್ ಇದೆ, ಆ ಹೊತ್ತಿಗೆ ನಿಂಗೆ ಯಾರ ಮಾತೂ ಬೇಡ. ನೀನು ಜಾರೋದು ರಾತ್ರಿ ಎಂಟೂವರೆಗೆ, ಆಫೀಸಿಂದ ಬಂದು, ಅನ್ನ ಇಟ್ಟು, ಊಟ ಮಾಡಿ, 'ಹತ್ತೇ ನಿಮಿಷ' ಅಂತ ಮೊಬೈಲ್ ಹಿಡ್ಕೊಂಡು ಚಾಪೆ ಮೇಲೆ ಬಿದ್ದಾಗ. ಆ ಜಾಗದಲ್ಲಿ ನಿನ್ನ ಹತ್ರ ಒಂದು ಮಾತೂ ಇಲ್ಲ. ಹನ್ನೊಂದೂ ಐದು ಗಂಟೆಗೇ ಖರ್ಚಾಗಿ ಹೋಗಿವೆ.

ಇನ್ನು ಆ ಜುಮ್ ಬಗ್ಗೆ. ಅದು ಸುಳ್ಳಲ್ಲ, ನಂಗೂ ಆಗತ್ತೆ. ಆದ್ರೆ ಅದು ಏನು ಮಾಡತ್ತೆ ಅಂತ ಗೊತ್ತಿರಲಿ. ಗೇಬ್ರಿಯೆಲೆ ಓಟ್ಟಿಂಗನ್ ಅಂತ ಒಬ್ಬ ಜರ್ಮನ್ ಮನಃಶಾಸ್ತ್ರಜ್ಞೆ, ಅವರು ಹೆದರ್ ಕಾಪೆಸ್ ಜೊತೆ ಸೇರಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಮುಂದೆ ಎಲ್ಲ ಚೆನ್ನಾಗಿ ಆಗಿಬಿಟ್ಟಿದೆ ಅಂತ ಸವಿ ಸವಿಯಾಗಿ ಕಲ್ಪಿಸಿಕೊಂಡವರ ಮೈಯಲ್ಲಿ ಹುರುಪು ಏರೋ ಬದಲು ಇಳೀತು, ಬಿಪಿ ಅಳೆದು ನೋಡಿದಾಗ್ಲೂ ಹಾಗೇ ಕಂಡಿತು. ಗೆದ್ದಾಗಿದೆ ಅನ್ನೋ ರುಚಿ ನಾಲಿಗೆಗೆ ಸಿಕ್ಕಮೇಲೆ ಮೈ ಯಾಕೆ ದುಡಿಯತ್ತೆ ಹೇಳು, ಊಟ ಆದವನನ್ನ ಪಂಕ್ತಿಗೆ ಕರೆದ ಹಾಗೆ. ಸಕ್ಸಸ್ ಮೇಲಿನ ನಿನ್ನ ನಾಲ್ಕು ಮಾತೂ ಇದೇ ಜಾತಿದು, ಬೆಟ್ಟದ ತುದಿಯಲ್ಲಿ ಕೈ ಎತ್ತಿ ನಿಂತವನ ಫೋಟೋ, ಹತ್ತೋ ದಾರಿ ಮಾತ್ರ ಎಲ್ಲೂ ಇಲ್ಲ.

ಸ್ಟೇಟಸ್ ವಿಷಯದಲ್ಲಿ ನಿನ್ನ ಅಪ್ಪ ಹೇಳಿದ್ದು ಕಟುವಾಗಿದೆ, ಆದ್ರೆ ಪೂರ್ತಿ ತಪ್ಪಲ್ಲ, ಅದಕ್ಕೆ ಸಿಟ್ಟು ಮಾಡ್ಕೊಬೇಡ. ಪೀಟರ್ ಗಾಲ್ವಿಟ್ಸರ್ ಅನ್ನೋ ಮನಃಶಾಸ್ತ್ರಜ್ಞರು 2009ರಲ್ಲಿ ಕಾನೂನು ಓದೋ ಹುಡುಗರನ್ನ ಇಟ್ಕೊಂಡು ನೋಡಿದ್ರು. ತಾನು ಚೆನ್ನಾಗಿ ಓದ್ತೇನೆ, ಒಳ್ಳೆ ವಕೀಲ ಆಗ್ತೇನೆ ಅನ್ನೋ ಸಂಕಲ್ಪವನ್ನ ಬೇರೆಯವರು ಗಮನಿಸಿದ್ರು ಅಂತ ಗೊತ್ತಾದ ಹುಡುಗರು, ಯಾರೂ ಗಮನಿಸದೇ ಇದ್ದವರಿಗಿಂತ ಆಮೇಲೆ ಕಮ್ಮಿ ಕೆಲಸ ಮಾಡಿದ್ರು. ಬೇರೆಯವರು ನೋಡಿ ಹೂಂ ಅಂದ ಕೂಡ್ಲೇ ಒಳಗೆ ಆಗಲೇ ವಕೀಲ ಆದಷ್ಟು ಸಮಾಧಾನ ಬಂದುಬಿಡತ್ತೆ. ನೀನು ಸ್ಟೇಟಸ್ ಹಾಕಿ ಎಷ್ಟು ಜನ ನೋಡಿದ್ರು ಅಂತ ಹತ್ತು ಗಂಟೆ ತನಕ ತೆಗೆದು ತೆಗೆದು ನೋಡ್ತೀಯಲ್ಲ, ಹತ್ತು ಗಂಟೆಗೇ ಆರಿ ಹೋಗತ್ತೆ ಅಂದಿದ್ದು ಓದಿ ನಂಗೆ ನಗು ಬಂತು, ಕ್ಷಮಿಸು. ಸ್ಟೇಟಸ್ ನಿಲ್ಲಿಸು. ಹಾಕ್ಲೇಬೇಕು ಅನ್ಸಿದ್ರೆ ಸಮುದ್ರದ ಫೋಟೋ ಹಾಕು, ಕಾರವಾರದಲ್ಲಿ ಇದ್ದೀಯ, ಅದಕ್ಕೇನು ಬರವಾ?

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಮಾತಿಂದ ಶಕ್ತಿ ಬರತ್ತಾ ಅಂದ್ರೆ ಬರತ್ತೆ, ಆದ್ರೆ ಆ ಮಾತಿಗೆ ಒಂದು ಕೆಲಸ ಹಚ್ಚಿರಬೇಕು, ಕೆಲಸ ಇಲ್ಲದ ಮಾತು ಬರೀ ಅಲಂಕಾರ. ಇದು ನಂಗೆ ಯಾವ ಕಾಲೇಜಲ್ಲೂ ಕಲಿಸಿದ್ದಲ್ಲ, ಮನೆ ಅಂಗಳದಲ್ಲಿ ಕಲ್ತಿದ್ದು.

ನಂಗೆ ಆಗ ಹದಿಮೂರು ಇರ್ಬೇಕು. ಶಿರಸಿ ಕಡೆ ತೋಟದ ಮನೆ, ಅಡಿಕೆ ಸುಲಿದು ಮುಗಿದ ಮೇಲೆ ಆರಿಸೋ ಕೆಲಸ ನಮ್ಮದು, ಹುಡುಗರದ್ದು. ಒಳ್ಳೆ ಅಡಿಕೆ ಚಾಲಿ ಒಂದು ಕಡೆ, ಅದಕ್ಕಿಂತ ಕಮ್ಮಿ ದರ್ಜೆಯ ಬಿಳೆಗೋಟು ಒಂದು ಕಡೆ, ಕೋಕಾ ಒಂದು ಕಡೆ. ಅವತ್ತು ಊರಲ್ಲಿ ಆಟ ಇತ್ತು, ಬಯಲಾಟ, ಚೆಂಡೆ ಸದ್ದು ಆಗಲೇ ಕೇಳ್ತಾ ಇತ್ತು, ನಂಗೂ ತಮ್ಮಂಗೂ ಕುಂಡೆ ನಿಲ್ತಾ ಇಲ್ಲ. ಕೊನೇಲಿ ಉಳಿದ ಎರಡು ಮೊರದಷ್ಟನ್ನ ಆರಿಸದೇನೇ, ಕೋಕಾ ಪಾಕಾ ಎಲ್ಲ ಸೇರಿಸಿ ಚಾಲಿ ಚೀಲದೊಳಗೆ ತಳ್ಳಿ ಬಾಯಿ ಕಟ್ಟಿಬಿಟ್ವಿ. ಯಾರು ನೋಡ್ತಾರೆ, ಚೀಲ ಮೇಲಿಂದ ನೋಡಿದ್ರೆ ಚೊಕ್ಕ. ಅಪ್ಪಯ್ಯ ಬಂದವ್ರು ಚೀಲಕ್ಕೆ ಒಂದು ಸಲ ಕೈ ಹಾಕಿ ಮುಷ್ಟಿ ತುಂಬ ತೆಗೆದ್ರು, ಅಂಗೈ ಬಿಚ್ಚಿ ನೋಡಿದ್ರು, ಒಂದು ಮಾತಾಡ್ಲಿಲ್ಲ. ಇಡೀ ಚೀಲ ಅಂಗಳಕ್ಕೆ ಸುರಿದ್ರು. ಸುರಿದು, 'ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರೋದಿಲ್ಲ' ಅಂತ ಅಷ್ಟೇ ಅಂದ್ರು, ಅದೂ ಬೈದ ಹಾಗಲ್ಲ, ತಮಗೇ ಹೇಳ್ಕೊಂಡ ಹಾಗೆ. ಆಮೇಲೆ ಲಾಟೀನು ತಂದಿಟ್ಕೊಂಡು ತಾವೇ ಕೂತ್ರು ಆರಿಸೋಕೆ. ನೀವು ಆಟಕ್ಕೆ ಹೋಗಿ ಅಂದ್ರು. ಹೋಗೋದು ಹೇಗೆ ಮಾರಾಯಾ? ನಾವೂ ಕೂತ್ವಿ. ಚೆಂಡೆ ಕೇಳ್ತಾ ಕೇಳ್ತಾ ರಾತ್ರಿ ಹನ್ನೆರಡರ ತನಕ ಆರಿಸಿದ್ವಿ.

ಆ ಗಾದೆ ಅಪ್ಪಯ್ಯನ ಬಾಯಲ್ಲಿ ನಾನು ಜೀವಮಾನದಲ್ಲಿ ಮೂರು ಸಲ ಕೇಳಿರಬಹುದು. ದಿನಾ ಬೆಳಿಗ್ಗೆ ಕೂರಿಸಿ ಹೇಳಿದ್ರೆ ನಮಗೆ ಅದು 'ಕೈ ತಲೆ ಹೊರಗೆ ಹಾಕಬೇಡಿ' ಆಗ್ತಿತ್ತು. ಮಾತು ಬಂದಿದ್ದು ಸರಿಯಾಗಿ ತಿರುವಿನಲ್ಲಿ, ಬಂದ ಮರುಕ್ಷಣ ಅಪ್ಪಯ್ಯ ಆರಿಸೋಕೆ ಕೂತಿದ್ರು. ಈಗ್ಲೂ ನಾನು ಏನಾದ್ರೂ ವರದಿ ಬರೀವಾಗ ಸುಸ್ತಾಗಿ 'ಇಷ್ಟು ಸಾಕು, ಯಾರು ನೋಡ್ತಾರೆ' ಅನ್ಸಿದ್ರೆ ಕಿವಿಗೆ ಅಡಿಕೆ ಸುರಿದ ಸದ್ದು ಕೇಳತ್ತೆ. ಗಾದೆಗಿಂತ ಮುಂಚೆ ಆ ಸದ್ದು.

ಹಾಗಾದ್ರೆ ಹನ್ನೊಂದರಲ್ಲಿ ಯಾವುದನ್ನ ಇಟ್ಕೊಬೇಕು? ಇಲ್ಲಿ ಎಲ್ಲರೂ ಎಡವ್ತಾರೆ. ನಾವು ಮಾತನ್ನ ಆರಿಸೋದು ಇಷ್ಟ ಆಯ್ತು ಅಂತ, ಇಷ್ಟ ಆಗೋದು ಯಾವುದು ಅಂದ್ರೆ ನಮ್ಮ ಸ್ವಭಾವಕ್ಕೆ ಮೊದಲೇ ಹೂಂಗುಟ್ಟೋದು. ನಮ್ಮ ಗಾದೆಗಳನ್ನೇ ನೋಡು, ಒಂದಕ್ಕೊಂದು ಜಗಳ ಆಡ್ತಾವೆ. 'ತಾಳಿದವನು ಬಾಳಿಯಾನು' ಅಂತಾನೂ ಇದೆ, 'ಆಲಸ್ಯಂ ಅಮೃತಂ ವಿಷಂ' ಅಂತಾನೂ ಇದೆ. 'ಮಾತು ಬಲ್ಲವನಿಗೆ ಜಗಳವಿಲ್ಲ' ಅಂತಾನೂ ಇದೆ, 'ಮಾತು ಬೆಳ್ಳಿ ಮೌನ ಬಂಗಾರ' ಅಂತಾನೂ ಇದೆ. ಯಾವುದು ಸರಿ? ಎರಡೂ ಔಷಧಿ, ರೋಗ ಬೇರೆ ಬೇರೆ. ಮುಂದೂಡೋ ಸ್ವಭಾವದವನು ಗೋಡೆ ಮೇಲೆ ತಾಳಿದವನು ಬಾಳಿಯಾನು ಅಂತ ಬರ್ಕೊಂಡ್ರೆ ಅವನ ಸೋಮಾರಿತನಕ್ಕೆ ಸರ್ಟಿಫಿಕೇಟ್ ಸಿಕ್ಕ ಹಾಗೆ, ದುಡುಕೋ ಸ್ವಭಾವದವನು ಸಿಂಹದ ಫೋಟೋ ಹಾಕ್ಕೊಂಡ್ರೆ ಇನ್ನೂ ನಾಲ್ಕು ಜನರ ಜೊತೆ ಜಗಳ. ನಿನ್ನ ಸಿಂಹ, ಹದ್ದು ನೋಡಿದ್ರೆ ನಿಂಗೆ ಒಂಟಿಯಾಗಿ ಗೆಲ್ಲಬೇಕು ಅಂತ ಬಹಳ ಆಸೆ ಇದೆ ಅನ್ಸತ್ತೆ. ಎರಡು ವರ್ಷದಿಂದ ರೂಮಲ್ಲಿ ಒಬ್ನೇ ಓದ್ತಾ ಇದ್ದೀಯ. ಹಾಗಾಗಿ ಸಿಂಹ ನಿಂಗೆ ಬೇಡ.

ಇಟ್ಕೊಳ್ಳೋ ಮಾತು ಓದಿದಾಗ ಸಣ್ಣಗೆ ಚುಚ್ಚಬೇಕು, 'ಥೋ, ಇದು ನಂಗೇ ಹೇಳಿದ್ದು' ಅನ್ನೋ ಹಾಗೆ. ಜುಮ್ ಅನ್ನೋದನ್ನ ಬಿಟ್ಟು ಚುಚ್ಚೋದನ್ನ ಇಟ್ಕೊ.

ಚುಚ್ಚೋದು ಅಂದ್ನಲ್ಲ, ನಿನ್ನ ಗೋಡೆ ಮೇಲೇ ಒಂದಿದೆ, ಆದ್ರೆ ಅದರ ಮುಳ್ಳು ಯಾರೋ ಕತ್ತರಿಸಿದ್ದಾರೆ. 'ಏಳಿ, ಎದ್ದೇಳಿ, ಗುರಿ ಮುಟ್ಟುವ ತನಕ ನಿಲ್ಲದಿರಿ'. ವಿವೇಕಾನಂದರು ಇದನ್ನ ಮನೆ ಮನೆಗೆ ಮುಟ್ಟಿಸಿದ್ರು, ಮೂಲ ಕಠೋಪನಿಷತ್ತಿಂದು. ಅಲ್ಲಿ ಇರೋದು 'ಉತ್ತಿಷ್ಠತ ಜಾಗ್ರತ ಪ್ರಾಪ್ಯ ವರಾನ್ನಿಬೋಧತ'. ಏಳು, ಎಚ್ಚರ ಆಗು, ತಿಳಿದವರ ಹತ್ರ ಹೋಗು, ಹೋಗಿ ತಿಳ್ಕೊ. ಅದರ ಮುಂದಿನ ಸಾಲು ಇನ್ನೂ ಕಠಿಣ, ಈ ದಾರಿ ಕ್ಷೌರದ ಕತ್ತಿಯ ಅಂಚಿನ ಹಾಗೆ, ನಡೆಯೋದು ಕಷ್ಟ ಅಂತ. ಪೋಸ್ಟರ್ ಮಾಡೋರು ಕತ್ತಿ ಅಂಚನ್ನೂ ಬಿಟ್ರು, ತಿಳಿದವರ ಹತ್ರ ಹೋಗು ಅನ್ನೋದನ್ನೂ ಬಿಟ್ರು, ಏಳಿ ಎದ್ದೇಳಿ ಉಳೀತು, ಅದು ಅಲಾರಂ ಕೂಡ ಹೇಳತ್ತೆ. ನಿಂಗೆ ಬೇಕಾಗಿದ್ದು ಸರಿಯಾಗಿ ಆ ಬಿಟ್ಟು ಹೋದ ತುಂಡು ತಮ್ಮಾ. ಈಗಾಗ್ಲೇ ಎಫ್‌ಡಿಎ ಪಾಸಾಗಿ ಕಾರವಾರದ ಡಿಸಿ ಆಫೀಸಲ್ಲೋ ತಾಲೂಕು ಪಂಚಾಯ್ತಿಯಲ್ಲೋ ಕೂತಿರೋ ಯಾರಾದ್ರೂ ಒಬ್ರನ್ನ ಹುಡುಕಿ, ಒಂದು ಭಾನುವಾರ ಚಾ ಕುಡಿಸಿ, 'ನೀವು ಲೆಕ್ಕಕ್ಕೆ ಹೇಗೆ ಓದಿದ್ರಿ' ಅಂತ ಕೇಳಿದ್ದೀಯಾ ಇಲ್ಲಿ ತನಕ? ಕೇಳಿಲ್ಲ ಅಂದ್ರೆ ಉಪನಿಷತ್ತಿನ ಆ ಸಾಲಿನ ಅರ್ಧ ನೀನು ಪಾಲಿಸೇ ಇಲ್ಲ.

ಅರಿಸ್ಟಾಟಲ್‌ದೂ ಒಂದು ತಮಾಷೆ. ನಾವು ಮತ್ತೆ ಮತ್ತೆ ಏನು ಮಾಡ್ತೇವೋ ಅದೇ ನಾವು, ಶ್ರೇಷ್ಠತೆ ಅನ್ನೋದು ಒಂದು ಅಭ್ಯಾಸ ಅಂತ ನಿನ್ನ ಗೋಡೆ ಮೇಲಿದೆಯಲ್ಲ, ಆ ವಾಕ್ಯ ಅರಿಸ್ಟಾಟಲ್ ಬರ್ದಿದ್ದಲ್ಲ, ಅವನ ವಿಚಾರವನ್ನ ವಿವರಿಸ್ತಾ ವಿಲ್ ಡ್ಯುರಾಂಟ್ ಅನ್ನೋ ಅಮೆರಿಕದ ಲೇಖಕ 1926ರಲ್ಲಿ ತಮ್ಮ ಮಾತಲ್ಲಿ ಬರ್ದಿದ್ದು. ಯಾರು ಹೇಳಿದ್ರೇನು ಮಾತು ಒಳ್ಳೇದಲ್ವಾ ಅನ್ಬಹುದು. ಹೌದು, ಮಾತು ಒಳ್ಳೇದು. ಆದ್ರೆ ಎಫ್‌ಡಿಎ ಪರೀಕ್ಷೆಗೆ ಓದೋ ಹುಡುಗ ಯಾವುದೋ ಒಂದು ಹೆಸರು ನೋಡಿ ತಲೆಬಾಗೋ ಅಭ್ಯಾಸ ಮಾಡ್ಕೊಬಾರ್ದು, ಹೆಸರು ಮುಚ್ಚಿಟ್ಟು ಓದಿದಾಗ್ಲೂ ಆ ಮಾತು ನಿಲ್ಲತ್ತಾ ನೋಡು. ಇನ್ನೊಂದು ಮೋಸ ಪ್ರಾಸದ್ದು. ಮ್ಯಾಕ್‌ಗ್ಲೋನ್ ಅನ್ನೋ ಸಂಶೋಧಕರು ಮತ್ತು ಇನ್ನೊಬ್ರು 2000ದಲ್ಲಿ ತೋರ್ಸಿದ್ರು, ಒಂದೇ ಅರ್ಥದ ಎರಡು ಮಾತು ಕೊಟ್ರೆ ಪ್ರಾಸ ಇರೋದೇ ಹೆಚ್ಚು ನಿಜ ಅಂತ ಜನಕ್ಕೆ ಅನ್ಸತ್ತೆ. ಕೈ ಕೆಸರಾದರೆ ಬಾಯಿ ಮೊಸರು, ಕೆಸರು ಮೊಸರು ಅಂತ ಎಷ್ಟು ಚಂದ ಕೂತಿದೆ ನೋಡು, ಆದ್ರೆ ಗದ್ದೇಲಿ ನಾಟಿ ಮಾಡೋ ಹೆಂಗಸರನ್ನ ಕೇಳು, ಕೈ ಕೆಸರಾದವರ ಬಾಯಿಗೆಲ್ಲ ಮೊಸರು ಬಂತಾ ಅಂತ.

ಯಶಸ್ಸಿನ ಮಾತು, ಕ್ಯಾರೆಕ್ಟರಿನ ಮಾತು ಎರಡನ್ನೂ ನೀನು ಒಂದೇ ಗುಂಪಲ್ಲಿ ಹಾಕಿದ್ದೀಯ, ಅವು ಬೇರೆ ಬೇರೆ. ಯಶಸ್ಸು ನಿನ್ನ ಕೈಲಿ ಅರ್ಧ ಇದ್ರೆ ಹೆಚ್ಚು, ನೋಟಿಫಿಕೇಶನ್ ಯಾವಾಗ ಬರತ್ತೆ, ಎಷ್ಟು ಪೋಸ್ಟು, ಕಟಾಫ್ ಎಷ್ಟು, ಅವೆಲ್ಲ ನಿನ್ನ ಕೈ ಮೀರಿದ್ದು. ಕ್ಯಾರೆಕ್ಟರಿನ ಮಾತು ಈಗ, ಈ ನಿಮಿಷಕ್ಕೆ ಏನು ಮಾಡ್ಬೇಕು ಅಂತ ಹೇಳತ್ತೆ, ಅದಕ್ಕೇ ದಿನನಿತ್ಯದ ಬಳಕೆಗೆ ಅದೇ ಬರೋದು. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಒಂದು ಚೊಕ್ಕ ಉದಾಹರಣೆ ಇದೆ. 1983ರ ಸೆಪ್ಟೆಂಬರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಕಡೆಯ ಜನ ಕಾಡು ಕಡಿಯೋರ ಎದುರು ಹೋಗಿ ಮರ ಅಪ್ಪಿಕೊಂಡು ನಿಂತ್ರಲ್ಲ, ಅಪ್ಪಿಕೋ ಚಳವಳಿ. ಅದರ ಘೋಷಣೆ ಮೂರೇ ಪದ, ಉಳಿಸು, ಬೆಳೆಸು, ಬಳಸು. ಬಾಯಲ್ಲಿ ಹೇಳಿ ನೋಡು, ಮೂರೂ ಕ್ರಿಯಾಪದ. ನಾವು ಮಹಾನ್, ನಾವು ಗೆಲ್ತೇವೆ ಅಂತ ಎಲ್ಲೂ ಇಲ್ಲ. ಇರೋ ಮರ ಉಳಿಸು ಅಂದ್ರೆ ಅಪ್ಪಿಕೊಂಡು ನಿಲ್ಲೋದು, ಬೆಳೆಸು ಅಂದ್ರೆ ಗಿಡ ನೆಡೋದು, ಬಳಸು ಅಂದ್ರೆ ಹಿಡಿತದಲ್ಲಿ ಬಳಸೋದು, ಓದು ಬರಹ ಇಲ್ಲದವರಿಗೂ ನಾಳೆ ಬೆಳಿಗ್ಗೆ ಎದ್ದು ಏನು ಮಾಡ್ಬೇಕು ಅಂತ ಗೊತ್ತಾಗತ್ತೆ. ಅದೇ ಅಂಕೋಲಾ ಕಡೆ ಹೊನ್ನಳ್ಳಿಯ ತುಳಸಿ ಗೌಡ, ಅರಣ್ಯ ಇಲಾಖೆ ನರ್ಸರಿಯಲ್ಲಿ ದಶಕಗಟ್ಟಲೆ ಗಿಡ ಬೆಳೆಸಿದವರು, ಪದ್ಮಶ್ರೀ ತಗೊಳ್ಳೋಕೆ ಬರಿಗಾಲಲ್ಲಿ ಹೋಗಿದ್ದು ನೀನೂ ನೋಡಿರ್ತೀಯ. ಶಾಲೆ ಮೆಟ್ಟಿಲು ಹತ್ತಿದವರಲ್ಲ, ಕೋಟ್ ಓದಿ ಹುರುಪು ತಂದ್ಕೊಳ್ಳೋ ಪ್ರಶ್ನೆನೇ ಇರ್ಲಿಲ್ಲ.

ಈಗ ಮಾತಿಗೆ ಕೆಲಸ ಹಚ್ಚೋದು ಹೇಗೆ ಅನ್ನೋದು. ಅಡಿಕೆಗೆ ಕೊಳೆ ರೋಗ ಬಾರದ ಹಾಗೆ ಔಷಧ ಹೊಡೆಯೋದು ನೋಡಿದ್ದೀಯಲ್ಲ? ಕುಮಟಾ ಕಡೆ ತೋಟ ಇದ್ದವರ ಮನೆಗೆ ಹೋಗಿದ್ರೆ ನೋಡೇ ಇರ್ತೀಯ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸ್ಬೇಕು, ಆಮೇಲೆ ತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕ್ಬೇಕು, ಉಲ್ಟಾ ಹಾಕಿದ್ರೆ ಕೆಟ್ಟಿತು. ಹದ ಬಂತಾ ಅಂತ ಕತ್ತಿ ಅದ್ದಿ ನೋಡೋದು, ಕತ್ತಿಗೆ ಕೆಂಪಗೆ ತಾಮ್ರ ಹಿಡಿದ್ರೆ ಇನ್ನೂ ಸುಣ್ಣ ಬೇಕು. ಇಷ್ಟೆಲ್ಲ ಮಾಡಿ ಮಳೆ ಹಿಡಿಯೋ ಮೊದಲೇ ಒಂದು ಸಲ ಹೊಡೆಯೋದು, ನಲವತ್ತು ನಲವತ್ತೈದು ದಿನ ಬಿಟ್ಟು ಮಳೆ ಹೊಳವು ಕೊಟ್ಟಾಗ ಇನ್ನೊಂದು ಸಲ. ಕೊಳೆ ಬಂದು ಕಾಯಿ ಉದುರೋಕೆ ಶುರು ಆದಮೇಲೆ ಹೊಡೆದ್ರೆ ಉದುರಿದ್ದು ಮರ ಹತ್ತೋದಿಲ್ಲ. ಮಾತೂ ಹಾಗೇ, ಎಂಟೂವರೆಗೆ ಚಾಪೆ ಮೇಲೆ ಬಿದ್ದು ರೀಲ್ಸ್ ಶುರು ಆದಮೇಲೆ ಎಂಥ ಉಪನಿಷತ್ತೂ ನಿನ್ನನ್ನ ಎಬ್ಬಿಸೋದಿಲ್ಲ. ಅದಕ್ಕಿಂತ ಎರಡು ನಿಮಿಷ ಮೊದಲು ಬರ್ಬೇಕು.

ಗಾಲ್ವಿಟ್ಸರ್ ಹೆಸರು ಮೇಲೆ ಹೇಳಿದ್ನಲ್ಲ, ಅವರದ್ದೇ 1997ರ ಇನ್ನೊಂದು ಕೆಲಸ ಇದೆ. ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ಹಿಂದಿನ ರಾತ್ರಿ ಹೇಗೆ ಕಳೆದ್ರಿ ಅಂತ ಬರ್ದು 48 ಗಂಟೆ ಒಳಗೆ ಕಳಿಸಿ ಅಂದ್ರು. ಎಲ್ಲಿ ಕೂತು, ಯಾವಾಗ ಬರೀತೇನೆ ಅಂತ ಮೊದಲೇ ಗಟ್ಟಿ ಮಾಡ್ಕೊಂಡವರಲ್ಲಿ ಹತ್ರ ಹತ್ರ ಮುಕ್ಕಾಲು ಪಾಲು ಜನ ಹೇಳಿದ ಹೊತ್ತಿಗೆ ಬರ್ದ್ರು, ಬರೀ ಬರೀತೇನೆ ಅಂದವರಲ್ಲಿ ಮೂರನೇ ಒಂದು ಭಾಗದಷ್ಟು. ಮನಸ್ಸು ಇಬ್ಬರದ್ದೂ ಇತ್ತು. ಮನಸ್ಸಿದ್ದರೆ ಮಾರ್ಗ ಅಂತೇವಲ್ಲ, ಮಾರ್ಗವನ್ನೂ ಸ್ವಲ್ಪ ಮೊದಲೇ ಹೇಳಿಟ್ಕೊಂಡ್ರೆ ಒಳ್ಳೇದು.

ನಿನ್ನ ಲೆಕ್ಕಕ್ಕೆ ಇದು ಹೀಗಾಗತ್ತೆ. ಇಲ್ಲಿ ಪೂರ್ತಿ ಹಾಕದ ನಿನ್ನ ಉದ್ದ ಇಮೇಲಲ್ಲಿ ಎರಡು ಕಡೆ 'ಮೆಂಟಲ್ ಎಬಿಲಿಟಿ ಲೆಕ್ಕ ನಂಗೆ ಆಗೋದೇ ಇಲ್ಲ, ಅದನ್ನ ಆಮೇಲೆ ನೋಡ್ತೇನೆ' ಅಂತ ಬರ್ದಿದ್ದೀಯ. ಆ 'ಆಮೇಲೆ' ನಿನ್ನ ತಿರುವು. ಮಾತು, ಆಲಸ್ಯಂ ಅಮೃತಂ ವಿಷಂ ಇರ್ಲಿ ಸದ್ಯಕ್ಕೆ, ಬೇಕಾದ್ರೆ ನಿಂಗೆ ಚುಚ್ಚೋ ಬೇರೆ ಆರಿಸ್ಕೊ. ಇದನ್ನ ಗೋಡೆಗೆ ಅಂಟಿಸ್ಬೇಡ. ಸಣ್ಣ ಚೀಟೀಲಿ ನಿನ್ನ ಕೈಯಾರೆ, ಪ್ರಿಂಟ್ ಬೇಡ, ಬರ್ದು ತಟ್ಟೆ ತೊಳೆಯೋ ಜಾಗದ ಹತ್ರ ಇಡು, ಮೊಬೈಲನ್ನ ಊಟಕ್ಕೆ ಕೂರೋ ಮೊದಲೇ ಬಾಗಿಲ ಹತ್ರ ಚಾರ್ಜಿಗೆ ಹಾಕು. ಕೆಲಸ ಇಷ್ಟೇ: ಊಟ ಆಗಿ ತಟ್ಟೆ ತೊಳೆದು ಮಗುಚಿ ಇಟ್ಟ ಕೂಡ್ಲೇ, ನಿಂತಲ್ಲೇ ಚೀಟಿ ಓದಿ, ಐದು ಲೆಕ್ಕ. ಐವತ್ತಲ್ಲ, ಐದು. ಪುಸ್ತಕ, ಪೆನ್ನು ಮೊದಲೇ ಬಿಡಿಸಿ ಇಟ್ಟಿರು. ಐದು ಆದಮೇಲೆ ಮಲಗ್ತೀಯೋ ಇನ್ನೂ ಮಾಡ್ತೀಯೋ ನಿನ್ನಿಷ್ಟ, ಬೈಯೋರಿಲ್ಲ. ಮೊದಲ ವಾರ ಐದರ ಮೇಲೆ ಮಾಡ್ಲೇಬೇಡ ಅಂತ ನನ್ನ ಸಲಹೆ, ಯಾಕಂದ್ರೆ ಹುರುಪಲ್ಲಿ ಸೋಮವಾರ ನಲವತ್ತು ಮಾಡಿ ಬುಧವಾರ ಸೊನ್ನೆ ಮಾಡೋದು ನಿನ್ನ ಹಳೇ ಕ್ರಮ, ನೀನೇ ಬರ್ದಿದ್ದು. ಭಾನುವಾರ ಚೀಟಿ ಹರಿದು ಅದೇ ಮಾತನ್ನ ಹೊಸದಾಗಿ ಇನ್ನೊಂದರಲ್ಲಿ ಬರಿ, ಜಾಗ ಸ್ವಲ್ಪ ಬದಲಾಯ್ಸು, ಕಣ್ಣಿಗೆ ರೂಢಿ ಆಗ್ಬಾರ್ದು. ಒಂದು ಮಾತು ಕಮ್ಮಿ ಅಂದ್ರೂ ಎರಡು ತಿಂಗಳು.

ಎರಡು ತಿಂಗಳು ಯಾಕೆ, 21 ದಿನ ಸಾಕಲ್ವಾ ಅಂತ ಕೇಳ್ತೀಯ, ಎಲ್ರೂ ಕೇಳ್ತಾರೆ. ಆ 21 ಬಂದಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನೋ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರ್ದ ಒಂದು ಮಾತಿಂದ, ಆಪರೇಶನ್ ಆದವರಿಗೆ ತಮ್ಮ ಹೊಸ ಮುಖ ರೂಢಿ ಆಗೋಕೆ ಕನಿಷ್ಠ ಅಷ್ಟು ದಿನ ಬೇಕು ಅಂತ ಅವರು ಗಮನಿಸಿದ್ರು, ಕನಿಷ್ಠ ಅನ್ನೋದು ಬಾಯಿಂದ ಬಾಯಿಗೆ ಬರ್ತಾ ಉದುರಿ ಹೋಯ್ತು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನ ಹನ್ನೆರಡು ವಾರ ನೋಡಿದಾಗ ಒಂದು ಅಭ್ಯಾಸ ತಾನಾಗಿ ಆಗೋ ಮಟ್ಟಕ್ಕೆ ಬರೋಕೆ ಸರಾಸರಿ 66 ದಿನ ಬೇಕಾಯ್ತು, ಕೆಲವರಿಗೆ 18 ದಿನದಲ್ಲೇ ಆಯ್ತು, ಕೆಲವರ ಲೆಕ್ಕ 254ರ ತನಕ ಹೋಯ್ತು. ನಂಗೆ ಅದರಲ್ಲಿ ಬಹಳ ಹಿಡಿಸಿದ್ದು ಇನ್ನೊಂದು, ನಡುವೆ ಒಂದು ದಿನ ತಪ್ಪಿದ್ರೆ ಹೇಳಿಕೊಳ್ಳೋ ಅಂಥ ನಷ್ಟ ಆಗ್ಲಿಲ್ಲ. ಊರಲ್ಲಿ ಬಂಡಿಹಬ್ಬ ಅಂತ ಹೋಗಿ ಎರಡು ದಿನ ಲೆಕ್ಕ ತಪ್ಪಿದ್ರೆ 'ನಂಗೆ ಶಿಸ್ತೇ ಇಲ್ಲ' ಅಂತ ಹೊಸ ಕೋಟ್ ಹುಡುಕ್ತಾ ಕೂರ್ಬೇಡ, ಬಂದು ತಟ್ಟೆ ತೊಳೆದು ಐದು ಲೆಕ್ಕ ಮಾಡು.

ಒಂದು ನನ್ನ ತಪ್ಪೂ ಹೇಳಿಬಿಡ್ತೇನೆ. ಕೌನ್ಸೆಲಿಂಗ್ ಶುರು ಮಾಡಿದ ಹೊಸತರಲ್ಲಿ ನಾನೂ ನನ್ನ ಕೋಣೆಗೆ ಬಣ್ಣದ ಬೋರ್ಡ್ ಹಾಕಿಸಿದ್ದೆ, ನೀನು ಅಮೂಲ್ಯ, ನಿನ್ನಿಂದ ಎಲ್ಲ ಸಾಧ್ಯ ಅನ್ನೋ ಧಾಟಿದು. ಎರಡು ಸಲ ಪಿಯುಸಿ ಫೇಲಾದ ಹುಡುಗಿ ಒಬ್ಬಳು ಬಂದು ಮಾತೇ ಆಡದೆ ಅದನ್ನೇ ನೋಡ್ತಾ ಕೂತಿದ್ಲು, ಕೊನೆಗೆ 'ಅಕ್ಕಾ, ಅದನ್ನ ತೆಗೀತೀರಾ, ನೋಡಿದ್ರೆ ಇನ್ನೂ ಬೇಜಾರಾಗತ್ತೆ, ಎಲ್ಲ ಸಾಧ್ಯ ಅಂದ್ರೆ ನಂಗೆ ಮಾತ್ರ ಯಾಕೆ ಆಗ್ಲಿಲ್ಲ' ಅಂದ್ಲು. ನಂಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ, ಎದ್ದು ಕುರ್ಚಿ ಹತ್ತಿ ಬೋರ್ಡ್ ಇಳಿಸಿದೆ, ಇಬ್ಬರೂ ಸೇರಿ ಅದನ್ನ ಕಪಾಟಿನ ಹಿಂದೆ ಇಟ್ವಿ, ಆಮೇಲೆ ಅವಳು ಮಾತಾಡಿದ್ಲು. ಕೆನಡಾದ ಜೋಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಸರಿಯಾಗಿ ಇದನ್ನೇ ಕಂಡಿದ್ದಾರೆ ಅಂತ ನಂಗೆ ಆಮೇಲೆ ಓದಿ ಗೊತ್ತಾಯ್ತು. ತನ್ನ ಬಗ್ಗೆ ಮೊದಲೇ ಕೀಳರಿಮೆ ಇದ್ದವರು 'ನಾನು ಪ್ರೀತಿಗೆ ಅರ್ಹ' ಅನ್ನೋ ಮಾತನ್ನ ಮತ್ತೆ ಮತ್ತೆ ಹೇಳ್ಕೊಂಡಾಗ ಮೊದಲಿಗಿಂತ ಹೆಚ್ಚು ಕುಗ್ಗಿದ್ರು. ಒಳಗೆ ನಂಬಿಕೆ ಇಲ್ಲದ ಮಾತನ್ನ ಹೊರಗಿಂದ ಬಡಿದ್ರೆ ಒಳಗಿಂದ ಅಲ್ಲ ಅಲ್ಲ ಅಂತ ಉತ್ತರ ಬರತ್ತೆ. ಹಾಗಾಗಿ ನಾನು ಚಾಂಪಿಯನ್, ನಾನು ಸಿಂಹ ಅನ್ನೋ ಬದಲು 'ನಿನ್ನೆ ಐದು ಲೆಕ್ಕ ಮಾಡಿದ್ದೆ' ಅಂತ ಹೇಳ್ಕೊ, ಅದಕ್ಕೆ ಒಳಗಿಂದ ತಕರಾರು ಬರೋದಿಲ್ಲ.

ಇಷ್ಟು ಹೇಳಿ ಇನ್ನೊಂದು ಕೇಳ್ಬೇಕು, ನೀನು ಬರ್ದಿಲ್ಲ, ಆದ್ರೂ ಕೇಳ್ತೇನೆ. ನಿದ್ದೆ ಸರಿ ಬರ್ತಾ ಇದೆಯಾ, ಊಟ ಸೇರ್ತಾ ಇದೆಯಾ? ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ಎದೆ ಭಾರ, ಬದುಕೇ ಬೇಡ ಅನ್ನೋ ತರ ಇದ್ರೆ ಅದು ಮೋಟಿವೇಶನ್ ಕೊರತೆ ಅಲ್ಲ, ಕಾಯಿಲೆ ಇರಬಹುದು, ಅದಕ್ಕೆ ಡಾಕ್ಟ್ರಿದ್ದಾರೆ. ಸರ್ಕಾರದ ಟೆಲಿ ಮಾನಸ್ ನಂಬರ್ 14416, ದಿನದ ಇಪ್ಪತ್ನಾಲ್ಕು ತಾಸೂ ಉಚಿತ, ಕನ್ನಡದಲ್ಲೇ ಮಾತಾಡ್ಬಹುದು. ಜ್ವರಕ್ಕೆ ಯಾರೂ ಸುಭಾಷಿತ ಓದೋದಿಲ್ಲ.

ಹಾಂ, ಬೆಳಿಗ್ಗೆ ಐದಕ್ಕೆ ಏಳ್ತೀಯಲ್ಲ, ಆ ಹೊತ್ತನ್ನ ಗೋಡೆ ಓದೋಕೆ ಹಾಕದೇ ಬೀಚ್ ಕಡೆ ಒಂದು ಸುತ್ತು ಹೋಗಿ ಬಾ. ರವೀಂದ್ರನಾಥ ಟ್ಯಾಗೋರರ ಹೆಸರಿಟ್ಟಿದ್ದಾರಲ್ಲ ಆ ಕಡಲತೀರಕ್ಕೆ, ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ಜಡ್ಜ್ ಆಗಿದ್ದಾಗ ಬಂದು ಉಳಿದಿದ್ರು, ವಯಸ್ಸು ಇಪ್ಪತ್ತೆರಡರ ಆಚೆ ಈಚೆ, ನಿನಗಿಂತ ಚಿಕ್ಕವರು. ಇಲ್ಲಿ ಇದ್ದಾಗ್ಲೇ ಒಂದು ನಾಟಕ ಬರ್ದ್ರು. ಈಗ ಅವರ ಹೆಸರಲ್ಲಿ ನಮಗೆ ದಿನಾ ಹತ್ತು ಕೋಟ್ ಬರ್ತಾವೆ.

ಕೊನೇದಾಗಿ ಆಯಿಯ ಗುಡ್ ಮಾರ್ನಿಂಗ್. ಬೇಡ ಅನ್ಬೇಡ ಮಾರಾಯಾ. ನೀನು ಅದನ್ನ ಸುಭಾಷಿತ ಅಂತ ಓದ್ತಾ ಇದ್ದೀಯ, ಅದಕ್ಕೇ ಕಿರಿಕಿರಿ. ಆ ಹೂವಿನ ಕೆಳಗೆ ಏನು ಬರ್ದಿದೆ ಅಂತ ಆಯಿ ಪೂರ್ತಿ ಓದಿರೋದೂ ಅನುಮಾನ. ಏಳು ಗಂಟೆಗೆ ಅವಳು ಕೇಳ್ತಾ ಇರೋದು 'ಎದ್ಯಾ? ತಿಂಡಿ ಆಯ್ತಾ?' ಅಂತ, ಟೈಪ್ ಮಾಡೋಕೆ ಬರೋದಿಲ್ಲ, ಫಾರ್ವರ್ಡ್ ಒತ್ತೋಕೆ ಬರತ್ತೆ. ನೀನು ಹೆಬ್ಬೆರಳು ಎತ್ತಿದ ಚಿಹ್ನೆ ಕಳಿಸಿ ಮುಗಿಸ್ತೀಯ ಅಂತ ನಂಗೆ ಗೊತ್ತು, ನನ್ನ ಮಗನೂ ಅದನ್ನೇ ಮಾಡ್ತಾನೆ. ನಾಳೆ ಏಳು ಗಂಟೆಗೆ ಹೂವು ಬಂದಾಗ ಒಂದು ಫೋನ್ ಮಾಡು, ಇವತ್ತು ಬಂಗಡೆ ಮೀನು ಸಿಕ್ತಾ, ರೇಟೆಷ್ಟು ಅಂತ ಕೇಳು.